ನೊರೆ ಬಾರದ ನೀರು

ತ್ಯಾಗರಾಜನಗರದ ಮನೆಯ ಸೆಮಿ ಆಟೊಮ್ಯಾಟಿಕ್ ಮೆಷಿನ್ನಿಗೆ ಅಮ್ಮ ನೊರೆ ಉಕ್ಕುವ ಪುಡಿಯನ್ನೇ ಹಾಕುತ್ತಿದ್ದಳು. ಬಟ್ಟೆ ಒಗೆದ ಆ ನೀರಿನಲ್ಲೇ ಭಾನುವಾರ ವರಾಂಡ ತೊಳೆಯುತ್ತಿದ್ದೆವು. ಕಾಲಿಗೆ ನೊರೆ ಮೆತ್ತಿಕೊಂಡು ನಾನು ಬೇಕೆಂದೇ ಜಾರುತ್ತಿದ್ದೆ.

ಈಗ ಜೆ.ಪಿ. ನಗರದಲ್ಲಿ ನನ್ನದು ಫ್ರಂಟ್ ಲೋಡ್ ಮೆಷಿನ್. ಅದಕ್ಕೆ ನೊರೆ ಕಡಿಮೆ ಬರುವ ಲಿಕ್ವಿಡ್ಡೇ ಬೇಕು. ಮೊನ್ನೆ ಬಂದ ಅಮ್ಮ ಬಾಲ್ಕನಿ ತೊಳೆಯಲೆಂದು ಅದರ ನೀರು ಹೊರಬರುವ ಪೈಪನ್ನು ಬಕೆಟ್ಟಿಗೆ ಬಿಟ್ಟು ಕಾದಳು.

“ಇದ್ರಲ್ಲಿ ಏನೇ ತೊಳೆಯೋದು? ನೊರೆನೇ ಇಲ್ವಲ್ಲ!”

“ನೊರೆ ಜಾಸ್ತಿಯಾದ್ರೆ ಈ ಮೆಷಿನ್ ಕೆಡತ್ತಮ್ಮ.”

“ನಂದು ಯಾವತ್ತಾದ್ರೂ ಕೆಟ್ಟಿತ್ತಾ?”

ನೀರು ಚೆಲ್ಲಿ ಕೈಕಟ್ಟಿ ಕುಳಿತಳು. ನನ್ನ ಮನೆಯಲ್ಲಿ ಅವಳಿಗೆ ಕೆಲಸವೇ ಉಳಿದಿಲ್ಲವೆನಿಸಿ ನನಗೆ ಪಿಚ್ಚೆನಿಸಿತು. ಕೆಳಗಿನ ಅಂಗಡಿಯಿಂದ ಅವಳ ಪುಡಿಯದೇ ಒಂದು ಪ್ಯಾಕೆಟ್ ತಂದು, ಬಕೆಟ್ಟಿನಲ್ಲಿ ಕಲಸಿ, ಬಾಲ್ಕನಿಯಲ್ಲಿ ಇಟ್ಟೆ.

ಅಮ್ಮ ಸೆರಗು ಸಿಕ್ಕಿಸಿದಳು. “ಮೊದ್ಲು ಬಗ್ಗಿ ನೋಡು, ಕೆಳಗಿನ ಮನೆಯವ್ರು ಬಟ್ಟೆ ಒಣಗಿಹಾಕಿದಾರಾ ಅಂತ.”