ಬಿಸಿ ಎಂಜಿನ್ನಿನ ಟಿಕ್ ಟಿಕ್

ಬಾನೆಟ್ ತೆರೆದ ಲಾರಿಯ ಮುಂದೆ ನಿಂತ ಗಂಡಸು "ನನಗೆ ಗೊತ್ತಿಲ್ಲ" ಎಂದದ್ದನ್ನು ನಾನು ಈವರೆಗೆ ಕೇಳಿಲ್ಲ. ನಾನೂ ಎಂದಿಲ್ಲ. ಖಚಿತವಿಲ್ಲದ ಮಾತಿಗೆಲ್ಲ "ಎನ್ನಲಾಗಿದೆ" ಎಂದು ಬಾಲ ಸೇರಿಸುವುದು ವರದಿಗಾರನಾದ ನನ್ನ ಕೈಗೆ ಅಭ್ಯಾಸವಾಗಿದೆ. ಎಂಜಿನ್ನಿನ ಎದುರು ಮಾತ್ರ ಆ ಶಿಸ್ತು ನಿಲ್ಲುವುದಿಲ್ಲ.

ಹುಣಸೂರಿನ ನಮ್ಮ ಬೀದಿಯ ಮಾದೇವನಿಗೆ ಇರುವುದು ಒಂದೇ ಲಾರಿ. ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯ ತಂಬಾಕಿನ ಬೇಲುಗಳನ್ನು ಹರಾಜು ಕಟ್ಟೆಗೆ ಸಾಗಿಸಲು ಈ ಸಲ ಒಪ್ಪಿಕೊಂಡಿದ್ದ. ಮೊದಲ ಲೋಡು ಮರುದಿನ ಬೆಳಿಗ್ಗೆ. ಅವನು ಹೋಗದೆ ಬೇರೆಯವನ ಲಾರಿ ಒಮ್ಮೆ ನುಗ್ಗಿತೆಂದರೆ, ಸೀಸನ್ ಮುಗಿಯುವವರೆಗೂ ಆ ಊರಿನ ದಾರಿ ಮರೆಯಬೇಕು. ಅಂಥ ಹೊತ್ತಿನಲ್ಲಿ ಮಧ್ಯಾಹ್ನ ನನ್ನ ಬಾಗಿಲಿಗೆ ಬಂದ.

"ಸಾ, ಎಂಜಿನ್ನು ಟಿಕ್ ಟಿಕ್ ಅಂತದೆ. ಗ್ಯಾರೇಜಿಗೆ ಬನ್ನಿ. ಪೇಪರಿನೋರು ಪಕ್ಕದಲ್ಲಿದ್ರೆ ಮೆಕ್ಯಾನಿಕ್ಕು ಸುಮ್‌ಸುಮ್ನೆ ಎಂಜಿನ್ ಇಳ್ಸು ಅನ್ನಕಿಲ್ಲ."

ಆ ಸದ್ದಿನ ಸ್ವಭಾವ ವಿಚಿತ್ರ. ತಣ್ಣಗಿದ್ದಾಗ ಇಲ್ಲ, ಓಡುವಾಗ ಕೇಳಿಸುವುದಿಲ್ಲ. ಚೆನ್ನಾಗಿ ಬಿಸಿಯಾಗಿ, ಒಂದೆಡೆ ನಿಂತು ಸುಮ್ಮನೆ ಗುರುಗುಡುವಾಗ ಮಾತ್ರ ಶುರು. ನನ್ನ ಹಳೆಯ ಸುದ್ದಿ ಸಂಪಾದಕರೂ ಹೀಗೆಯೇ ಇದ್ದರು. ಚುನಾವಣೆಯ ಫಲಿತಾಂಶದ ದಿನ ತುಟಿ ಬಿಚ್ಚುತ್ತಿರಲಿಲ್ಲ. ಕೆಲಸವಿಲ್ಲದ ಭಾನುವಾರ ಅಲ್ಪವಿರಾಮಗಳ ಬಗ್ಗೆ ಗೊಣಗುತ್ತಿದ್ದರು. ಬಿಸಿಯಾದ ಮೇಲೆ ನಿಲ್ಲುವುದು ಯಾರಿಗೂ ಸುಲಭವಲ್ಲ.

ಬಿಳಿಕೆರೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಶಿವಲಿಂಗ ಹೊರಗೆ ಬರುವ ಮೊದಲೇ ಪಕ್ಕದ ಟೀ ಅಂಗಡಿ ಖಾಲಿಯಾಗಿ ನಮ್ಮ ಸುತ್ತ ಸೇರಿತು. "ಬಾಬಿನ್ ಸಡ್ಲ ಆದಂಗದೆ ಕಣ್ರೀ" ಎಂದ ದರ್ಜಿ. ಬಸ್ಸಿಗೆ ಕಾಯುತ್ತಿದ್ದ ಅಜ್ಜಿ, "ಹಲ್ಲಿ ಲೊಚಗುಟ್ಟದಂಗದೆ. ಯಾವ ದಿಕ್ಕಿಂದ ಅಂತ ನೋಡ್ರಪ್ಪ" ಎಂದಳು. ನಾನು ಗಂಭೀರವಾಗಿ, "ಫ್ಯಾನ್ ಬೆಲ್ಟ್" ಎಂದೆ.

"ಬೆಲ್ಟಾದ್ರೆ ಕೀಚ್ ಅಂತದೆ ಸಾ" ಎಂದು ಶಿವಲಿಂಗ ಒಳಗಿನಿಂದಲೇ ತಿದ್ದುಪಡಿ ಪ್ರಕಟಿಸಿದ.

ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚಿದ. "ಸದ್ದು ಕೆಳಗಿದ್ರೆ ಬೇರಿಂಗು, ಎಂಜಿನ್ ಇಳಿಸ್ಬೇಕು, ಒಂದು ವಾರ. ಮ್ಯಾಲಿದ್ರೆ ಟ್ಯಾಪೆಟ್ಟು, ಇವತ್ತೇ ಆಯ್ತದೆ." ಮಾದೇವನ ಜೀವ ಮೇಲಕ್ಕೂ ಕೆಳಕ್ಕೂ ತೂಗಾಡಿತು. ಸ್ಕ್ರೂಡ್ರೈವರ್ ಕೆಳಗೆಲ್ಲ ಅಲೆದು ಮೇಲೆ ಬಂದು ನಿಂತಿತು.

"ಮ್ಯಾಲೇ ಅದೆ. ಆದ್ರೆ ಟ್ಯಾಪೆಟ್ ಮೊನ್ನೆ ನಾನೇ ಸೆಟ್ ಮಾಡಿವ್ನಿ. ನಾನ್ ಮಾಡಿದ್ದು ತಪ್ಪಕಿಲ್ಲ. ಅಂಗಾರೆ ಬೇರಿಂಗೇ ಇರ್ಬೇಕು."

"ನಿನ್ ಮರ್ವಾದೆ ಉಳ್ಸಕೆ ನನ್ ಎಂಜಿನ್ ಇಳಿಸ್ತೀಯೇನ್ಲಾ?" ಎಂದು ಮಾದೇವ ಕೂಗಿದ.

"ಮೊನ್ನೆ ಅಂದರೆ ಯಾವತ್ತು?" ಎಂದು ಕೇಳಿದೆ. ಅಷ್ಟು ವರ್ಷದ ವೃತ್ತಿ ಆ ದಿನ ಉಪಯೋಗಕ್ಕೆ ಬಂದದ್ದು ಈ ಒಂದು ಪ್ರಶ್ನೆಗೆ.

"ವಿಜಯದಶಮಿ ಸಾ. ಆಯುಧಪೂಜೆ ಆದ ಮಾರ್ನೆ ದಿನ. ಮೊದಲ್ನೇ ಬೋಣಿ." ಸದ್ದು ಹುಟ್ಟಿದ್ದೂ ಅಂದಿನಿಂದಲೇ ಎಂದ ಮಾದೇವ.

ತನ್ನದು ತಪ್ಪಿಲ್ಲವೆಂದು ತೋರಿಸಲು ಶಿವಲಿಂಗ ಗೇಜು ತಂದ. ಕಾಗದದಷ್ಟು ತೆಳ್ಳಗಿನ ಉಕ್ಕಿನ ಪಟ್ಟಿಗಳ ಗೊಂಚಲು ಅದು. ಟ್ಯಾಪೆಟ್ ಸೆಟ್ ಮಾಡುವುದೆಂದರೆ ಇಷ್ಟೇ: ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಆ ಪಟ್ಟಿಯಷ್ಟೇ ಸಂದು ಇರಬೇಕು. ಹೆಚ್ಚಾದರೆ ತೋಳು ಬಡಿಯುತ್ತದೆ; ಬಿಸಿಗೆ ಎಣ್ಣೆ ತೆಳುವಾದಾಗ ಬಡಿತ ಬಯಲಾಗುತ್ತದೆ. ಅವನು ಪಟ್ಟಿ ಬಿಡಿಸಿದ. ಬುಡದಲ್ಲಿ ವಿಭೂತಿ, ತುದಿಗೆ ಸವೆದುಳಿದ ಒಣಗಿದ ಗಂಧ.

ಪೂಜೆಯ ಗಂಧವನ್ನು ಒರೆಸಬಾರದು, ತಾನಾಗಿ ಹೋಗಬೇಕು ಎಂಬುದು ಅವನ ಮನೆತನದ ನಿಯಮ. ಅದು ತಾನಾಗಿಯೇ ಹೋಗಿತ್ತು, ಮೊದಲ ಎರಡು ವಾಲ್ವುಗಳ ಸಂದಿನಲ್ಲಿ ಉಜ್ಜಿಕೊಂಡು. ಗಂಧದ ದಪ್ಪವೂ ಸೇರಿ ಅಲ್ಲಿ ಸಂದು ಹೆಚ್ಚಾಗಿತ್ತು. ಮುಚ್ಚಳ ಬಿಚ್ಚಿದರೆ ಆ ಎರಡೇ ಸಡಿಲ, ಉಳಿದವೆಲ್ಲ ಸರಿ.

"ಗಂಧ ಅಣೆಗೆ ಹಚ್ಚದು ಕಣ್ಲಾ, ಗೇಜಿಗಲ್ಲ!" ಎಂದ ಮಾದೇವ.

"ಎಲ್ಲ ಸಾಮಾನಿಗೂ ಹಚ್ಚಿ ಅದೊಂದನ್ನ ಬುಟ್ರೆ ಬೇಜಾರ್ ಮಾಡ್ಕತ್ತದೆ ಕಣಪ್ಪ" ಎಂದ ಶಿವಲಿಂಗ, ತಲೆಯೆತ್ತದೆ.

ಎಂಜಿನ್ ಆರಿದ ಮೇಲೆ ಅವನು ಪಟ್ಟಿಯನ್ನು ಒರೆಸಿ, ಕಣ್ಣಿಗೊತ್ತಿಕೊಂಡು ಕ್ಷಮೆ ಬೇಡಿದ. ಮಾದೇವನಲ್ಲಿ ಬೇಡಲಿಲ್ಲ. ಎರಡೂ ವಾಲ್ವುಗಳನ್ನು ಮತ್ತೆ ಹೊಂದಿಸಿದ. ಲಾರಿಯನ್ನು ಹುಣಸೂರಿಗೆ ಓಡಿಸಿ, ಬಿಸಿಯಾದ ಎಂಜಿನ್ನನ್ನು ನಮ್ಮ ಮನೆ ಮುಂದೆ ನಿಲ್ಲಿಸಿ ನಾನೂ ಮಾದೇವನೂ ಕಿವಿಗೊಟ್ಟೆವು. ಟಿಕ್ ಇಲ್ಲ.

ಮರುದಿನ ಬೆಳಿಗ್ಗೆ ಲೋಡು ಹೊತ್ತಿಗೆ ಸರಿಯಾಗಿ ಹೊರಟಿತು. ಸಂಜೆ ಬಂದ ಮಾದೇವನ ಮುಖದಲ್ಲಿ ಸಣ್ಣ ಅಸಮಾಧಾನ. "ಬೇಲು ಹೇರೋ ತನ್ಕ ಬೇಕಂತ್ಲೇ ಎಂಜಿನ್ ಆಫ್ ಮಾಡ್ನಿಲ್ಲ ಸಾ. ಎಷ್ಟ್ ನೈಸಾಗದೆ ಅಂತ ಒಬ್ರೂ ಅನ್ನಿಲ್ಲ."

ಸದ್ದು ಮಾಡಿದ್ದರೆ ಊರೇ ಸೇರುತ್ತಿತ್ತು. ಏನೂ ಆಗಲಿಲ್ಲ ಎಂಬ ಸುದ್ದಿಗೆ ನಮ್ಮ ಪತ್ರಿಕೆಯಲ್ಲೂ ಜಾಗವಿಲ್ಲ. ಮಾದೇವನ ಆ ಸೀಸನ್ ಮಾತ್ರ ಪೂರ್ತಿ ಅಂಥ ಸುದ್ದಿಗಳಿಂದಲೇ ನಡೆಯಿತು.