ತಂಗಿಯ ಪಾಲಿನ ಬಂಡೆ

ನವಲಗುಂದದ ಎರೆ ಹೊಲದಲ್ಲಿ ಎಷ್ಟು ಅಗೆದರೂ ಕರಿ ಮಣ್ಣೇ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನಾನು ಬಂಡೆ, ಕಣಿವೆಗಳನ್ನೆಲ್ಲ ಪುಸ್ತಕದ ಚಿತ್ರದಲ್ಲೇ ತೋರಿಸುತ್ತ ಬಂದವಳು. ಭೂಗೋಳವೆಂದರೆ ಆಕಳಿಸುತ್ತಿದ್ದ ನನ್ನ ತಂಗಿಯನ್ನು ಮಾತ್ರ ಕಲಘಟಗಿಯ ಆಚೆ, ಕಾಡಂಚಿನ ಊರಿಗೆ ಕೊಟ್ಟರು. ಈಗ ಅವಳಿಗೆ ಅಲ್ಲಿಯ ಅಭಯಾರಣ್ಯದಲ್ಲಿ ಪ್ರವಾಸಿಗರಿಗೆ ದಾರಿ ತೋರಿಸುವ ಕೆಲಸ.

ಕಳೆದ ದೀಪಾವಳಿ ರಜೆಯಲ್ಲಿ ನನ್ನನ್ನೂ ಕರೆದೊಯ್ದಳು. ಮೆಟ್ಟಿಲಿಳಿದು ಮರಗಳ ಸಂದಿಯಿಂದ ಹೊರಬಂದರೆ ಎದುರಿಗೆ ಆಕಾಶ ಮುಚ್ಚುವಷ್ಟು ಎತ್ತರದ ಬಂಡೆ. ಅದರ ತುಂಬ ಹೆಜ್ಜೇನು ಹುಟ್ಟುಗಳು, ನಡುವೆ ಒಂದು ಬಿಳಿ ಗೆರೆ, ಬುಡದಲ್ಲಿ ಹೊಳೆಯ ಹಸಿರು ನೀರು. ನಾನು ತಲೆ ಹಿಂದಕ್ಕೆ ಬಾಗಿಸಿ ಅದರ ತುದಿ ಹುಡುಕಿದೆ. ತಂಗಿ ಮನೆಯ ಹಿತ್ತಲಿಗೆ ಬಂದವಳಂತೆ ಚಪ್ಪಲಿ ಕಳಚಿ ನೀರಿಗಿಳಿದಳು. ಇದನ್ನು ಅವಳು ದಿನಾ ನೋಡುತ್ತಾಳೆ!

"ಅಕ್ಕಾ, ಈ ಕಲ್ಲಿನ್ಯಾಗ ಇಷ್ಟು ದುಂಡನ ಕುಣಿ ಹ್ಯಾಂಗ ಬಿದ್ದಾವ ಬೇ?"

"ಸುಳಿ ನೀರಿನ್ಯಾಗ ಸಣ್ಣ ಕಲ್ಲು ಸಿಕ್ಕೊಂಡು ಒಂದ ಕಡೆ ತಿರಗತಾವ. ತಿರಗಿ ತಿರಗಿ ಕೊರೀತಾವ," ಎಂದೆ.

ಅಷ್ಟರಲ್ಲಿ ಹುಬ್ಬಳ್ಳಿಯ ಕುಟುಂಬವೊಂದು ಬಂತು. ತಂಗಿ ಅವರ ಕಡೆ ತಿರುಗಿದಳು. "ಬರ್ರಿ, ಇದರಾಗ ಕೈ ಇಟ್ಟು ನೋಡ್ರಿ. ಹೊಳಿ ಇಲ್ಲೆ ಬೀಸ್ಕೋತ ಕುಂತೈತ್ರಿ. ಕಾಳಿಲ್ಲ ಅಂತ ಕಲ್ಲ ಹಾಕ್ಕೊಂಡು ಬೀಸಾಕತ್ತೈತಿ."

ಅವರಲ್ಲಿದ್ದ ಅಜ್ಜಿ ಮೊಣಕಾಲೂರಿ ಕುಣಿಯೊಳಗೆ ಕೈಯಾಡಿಸಿದಳು. "ಅಗದಿ ಖರೇ ಐತಿ ನೋಡವ್ವಾ!" ಎಂದು ತಂಗಿಯ ಗಲ್ಲ ಸವರಿದಳು. ನಾನು ಪಕ್ಕದಲ್ಲೇ ಬ್ಯಾಗು ಹಿಡಿದು ನಿಂತಿದ್ದೆ. ಇದೇ ಪಾಠಕ್ಕೆ ನನ್ನ ತರಗತಿಯಲ್ಲಿ ಒಬ್ಬರೂ ಕತ್ತೆತ್ತಿ ನೋಡಿದ್ದಿಲ್ಲ.

ತಂಗಿ ಸ್ಕೂಟರ್ ಮೇಲೆ ಕಲಘಟಗಿ ಬಸ್‌ಸ್ಟ್ಯಾಂಡಿಗೆ ತಂದು ಬಿಟ್ಟಳು. ಇಳಿದವಳೇ ನಾನು ಬ್ಯಾಗು ಎತ್ತಿಕೊಂಡು ಬೆಂಚಿನ ತುದಿಗೆ ಹೋಗಿ ಕೂತೆ.

"ಸಿಟ್ಟಾಗಿ ಏನಕ್ಕಾ?"

"ಸಿಟ್ಟಲ್ಲ. ಹೊಟ್ಟಿಕಿಚ್ಚು. ಬಂಡೆಗಲ್ಲೂ ನಿನಗ, ಕೇಳಾವ್ರೂ ನಿನಗ."

ಅವಳು ನಗಲಿಲ್ಲ. ಸಮಾಧಾನ ಹೇಳಲೂ ಬರಲಿಲ್ಲ. ಪಕ್ಕದಲ್ಲಿ ಬಂದು ಕೂತು, "ಆ ಬಂಡೆಗಲ್ಲಿನ ಮ್ಯಾಲ ಒಂದು ಬಿಳಿ ಗೆರಿ ಐತೆಲ್ಲಾ, ಅದ್ಯಾಕ? ಎಲ್ಲಾರೂ ಕೇಳ್ತಾರ, ನನಗ ಗೊತ್ತಿಲ್ಲ," ಎಂದಳು.

ನಾಳೆ ಅದನ್ನೂ ನನಗಿಂತ ಚೆಂದ ಹೇಳುತ್ತಾಳೆ ಎಂದು ಗೊತ್ತಿತ್ತು. ನಾನು ಹತ್ತಬೇಕಿದ್ದ ಹುಬ್ಬಳ್ಳಿ ಬಸ್ಸು ಬಂದು ನಿಂತಿತು. ಜನ ಹತ್ತಿದರು, ಬಸ್ಸು ಹೊರಟೂ ಹೋಯಿತು. ನಾನು ಕಲ್ಲಿನ ಬಿರುಕು, ಅದರೊಳಗೆ ಹೊಕ್ಕ ಬಿಸಿನೀರು, ಅಲ್ಲಿ ಹೆಪ್ಪುಗಟ್ಟಿದ ಬೆಣಚುಕಲ್ಲು ಎಂದು ಬೆಂಚಿನ ಮೇಲೆ ಬೆರಳಿನಿಂದ ಗೀಚಿ ತೋರಿಸುತ್ತಲೇ ಇದ್ದೆ. ಅವಳು ಒಮ್ಮೆಯೂ ಆಕಳಿಸಲಿಲ್ಲ. ಅದಕ್ಕೂ ನನಗೆ ಉರಿಯಿತು.