ಅಮ್ಮ ಗಿರಾಕಿಯಾದದ್ದು

ನಾನು ಎಂದೂ ಕಾಲಿಡದ ಅಂಗಡಿಯೊಂದು ನನಗೆ ಚೆನ್ನಾಗಿ ನೆನಪಿದೆ. ಇಳಿಜಾರಿನ ಬೀದಿ, ಹಸಿರು ಬಾಗಿಲು, ಹೊರಗೆ ಮರದ ಪೆಟ್ಟಿಗೆಯಲ್ಲಿ ನಿಂಬೆಹಣ್ಣು. ಬಾಗಿಲು ತಳ್ಳಿದರೆ ಮೇಲೆಲ್ಲೋ ಒಂದು ಸಣ್ಣ ಗಂಟೆ ಅಲುಗುತ್ತದೆ. ಅಂಗಡಿ ಇರುವುದು ಸ್ಪೇನ್ ದೇಶದ ಒಂದು ಚಿಕ್ಕ ಊರಿನಲ್ಲಿ, ನಾನಿರುವುದು ಅಜ್ಜಂಪುರದಲ್ಲಿ. ಅಲ್ಲಿಗೆ ಹೋದವಳು ಅಮ್ಮ. ಅವಳು ಫೋನಿನಲ್ಲಿ ಹೇಳಿದ್ದೆಷ್ಟು, ನಾನು ಸೇರಿಸಿಕೊಂಡದ್ದೆಷ್ಟು ಎಂದು ಬೇರ್ಪಡಿಸಲು ಕೂತರೆ ಹಾಲಿಗೆ ಬೆರೆತ ನೀರನ್ನು ಹುಡುಕಿದಂತಾಗುತ್ತದೆ. ಗಂಟೆಯಂತೂ ನನ್ನದೇ ಇರಬೇಕು. ಅಮ್ಮ ಅದರ ವಿಷಯ ಎತ್ತಿದ್ದು ಎಲ್ಲೂ ನೆನಪಾಗುವುದಿಲ್ಲ.

ಆ ಊರಿನ ಆಸ್ಪತ್ರೆಯಲ್ಲಿ ನನ್ನ ತಂಗಿ, ಅವಳ ಗಂಡ ಇಬ್ಬರೂ ಕೆಲಸಕ್ಕಿದ್ದಾರೆ. ಅವಳು ಬಸುರಿ ಎಂದು ತಿಳಿದಾಗ, ಬಾಣಂತನಕ್ಕೆ ಅಮ್ಮ ಹೋಗುವುದು ತೀರ್ಮಾನವಾಗಿಯೇ ಹೋಯಿತು ಎಂದು ನಾವೆಲ್ಲ ಅಂದುಕೊಂಡೆವು. ಅಮ್ಮ ಮಾತ್ರ ಒಪ್ಪಲಿಲ್ಲ.

"ಅಳಿಯಂದು ಪಾಳಿ ಕೆಲ್ಸ. ಒಂದು ಗೆಡ್ಡೆ ಬೆಳ್ಳುಳ್ಳಿ ಬೇಕಂದ್ರೂ ಅವನು ಬರೋಗಂಟ ಕಾಯ್ಕಂಡು ಕೂತಿರ್ಲಾ? ಒಬ್ಳೇ ಅಂಗಡಿಗೋಗಿ, ಕೇಳಿ, ದುಡ್ಡು ಕೊಟ್ಟು, ತರೋ ಹಂಗಾದ್ರೆ ಬತ್ತೀನಿ. ಇಲ್ದಿದ್ರೆ ಅವಳು ನನ್ನ ಬಾಣಂತನ ಮಾಡ್ಬೇಕಾಯ್ತದೆ, ಅಷ್ಟೇ."

ತಮಾಷೆಯಾಗಿ ಹೇಳಿದಳು, ಆದರೆ ತಮಾಷೆಯಲ್ಲ ಎಂದು ನನಗೂ ತಂಗಿಗೂ ಗೊತ್ತಿತ್ತು. ಅಮ್ಮ ಯಾರನ್ನೂ ಏನನ್ನೂ ತಂದುಕೊಡು ಎಂದು ಕೇಳಿದವಳಲ್ಲ. ಹಾಗಾಗಿ ನಮ್ಮ ಮನೆಗೆ ಸ್ಪ್ಯಾನಿಷ್ ಬಂತು.

ಮೊದಲು ನಾನು ಕಲಿಯಬೇಕಿತ್ತು. ಕಡೂರಿನ ಕಾಲೇಜಿನಲ್ಲಿ ಪಾಠ ಮಾಡಿ ಮುಗಿಸಿ ರೈಲು ಹತ್ತಿ, ಕಿಟಕಿ ಪಕ್ಕ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದೆ. ಬೀರೂರು ದಾಟಿದ ಮೇಲೆ ತೆಂಗಿನ ತೋಟಗಳು ಹಿಂದಕ್ಕೆ ಸರಿಯುತ್ತಿರುವಾಗ, ಕಿವಿಯೊಳಗೊಬ್ಬ ಹೆಂಗಸು ನಿಧಾನವಾಗಿ ಹೇಳುತ್ತಿದ್ದಳು: ಸಾಲ್ ಎಂದರೆ ಉಪ್ಪು. ಅಹೊ ಎಂದರೆ ಬೆಳ್ಳುಳ್ಳಿ. ಕ್ವಾಂತೊ ಎಸ್, ಎಷ್ಟಾಯಿತು? ಎಷ್ಟೋ ಸಲ ತೂಕಡಿಕೆ ಬರುತ್ತಿತ್ತು. ಅರೆನಿದ್ದೆಯಲ್ಲಿ, ಹೊರಗೆ ಮೇಯುತ್ತಿದ್ದ ಕುರಿಗಳಿಗೂ ರಾಗಿ ಹೊಲದ ಬದುವಿಗೂ ಆ ಭಾಷೆಯಲ್ಲಿ ಹೆಸರಿದೆ, ಯಾರೋ ಆ ಹೆಸರು ಹಿಡಿದು ಕೂಗುತ್ತಿದ್ದಾರೆ ಎನಿಸುತ್ತಿತ್ತು. ಈಗಲೂ 'ಗ್ರಾಥಿಯಾಸ್', ಅಂದರೆ ಧನ್ಯವಾದ, ಎಂಬ ಮಾತು ಕೇಳಿದರೆ ನನ್ನ ಕಣ್ಣಿಗೆ ಕಾಣುವುದು ಸ್ಪೇನ್ ಅಲ್ಲ, ಮಧ್ಯಾಹ್ನದ ಬಿಸಿಲಲ್ಲಿ ಅಲುಗದೆ ನಿಂತ ತೆಂಗಿನ ಗರಿ.

ಅಮ್ಮನಿಗೆ ಪಾಠ ನಡೆಯುತ್ತಿದ್ದುದು ನಮ್ಮ ಅಂಗಡಿಯಲ್ಲೇ. ಸ್ಟೇಷನ್ ರಸ್ತೆಯ ಆ ದಿನಸಿ ಅಂಗಡಿ ಅಮ್ಮನ ಅಪ್ಪನದು, ಈಗ ನಡೆಸುವವಳು ಅಮ್ಮ. ಗಲ್ಲಾದ ಮೇಲೆ ಬುದ್ಧನ ಪಟ, ಅದರ ಪಕ್ಕ ಅಂತರಘಟ್ಟಮ್ಮನ ಪಟ. ಅಮ್ಮ ತೆವಳಿದ್ದು, ನಡೆಯಲು ಕಲಿತದ್ದು, ಲೆಕ್ಕ ಕಲಿತದ್ದು ಎಲ್ಲ ಆ ಮೂಟೆಗಳ ನಡುವೆ. ಊಟದ ಹೊತ್ತು ಕಳೆದು ರಸ್ತೆ ಮಲಗಿದಂತಾದಾಗ ನಾನು ಬೆಲ್ಲದ ಡಬ್ಬದ ಪಕ್ಕ ನಿಂತು ಫೋನು ತೆರೆಯುತ್ತಿದ್ದೆ.

"ಅಮ್ಮಾ, ನೀನು ಗಿರಾಕಿ. ಈ ಕಡೆ ಬಾ."

"ನೀನೇ ಗಿರಾಕಿ ಆಗೇ. ನಾನು ಇಲ್ಲಿಂದ್ಲೇ ಕಲೀತೀನಿ. ಆ ಕಡೆ ನಿಂತ್ರೆ ಕೈ ಎಲ್ಲಿಕ್ಕಬೇಕು ಅಂತ್ಲೇ ಗೊತ್ತಾಗಲ್ಲ ಕಣೇ."

ಹಾಗಾಗಿ ಅವಳು ಅಂಗಡಿಯವರ ಮಾತುಗಳನ್ನು ಕಲಿತಳು. 'ಕೆ ಲೆ ಪೊಂಗೊ?' ಏನು ಕೊಡಲಿ? 'ಆಲ್ಗೊ ಮಾಸ್?' ಇನ್ನೇನಾದರೂ? ಈ ಎರಡನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ, ಒಮ್ಮೆ ಶಾಂಪೂ ಕೊಳ್ಳಲು ಬಂದ ನೆರೆಯವಳು, "ಏನಕ್ಕಾ, ಮಂತ್ರ ಹಾಕ್ತಿದೀಯಾ?" ಎಂದು ಹಿಂದೆ ಸರಿದು ನಿಂತಿದ್ದಳು.

ಗಿರಾಕಿಯ ಮಾತುಗಳಲ್ಲಿ ಒಂದನ್ನಂತೂ ಅಮ್ಮ ಬಾಯಿಗೇ ತಂದುಕೊಳ್ಳಲಿಲ್ಲ. 'ನಾದಾ ಮಾಸ್', ಇನ್ನೇನೂ ಇಲ್ಲ.

"ಅಂಗಡೀಲಿ ನಿಂತ್ಕಂಡು ಇಲ್ಲ ಅನ್ನೋದಾ? ಅದೂ ಬೋಣಿ ಹೊತ್ತಿಗೆ?"

ನಮ್ಮಂಗಡಿಯಲ್ಲಿ ಏನು ಮುಗಿದಿದ್ದರೂ "ನಾಳೆ ಬತ್ತೈತೆ ಕಣಪ್ಪ" ಎನ್ನುತ್ತಾಳೆಯೇ ಹೊರತು ಇಲ್ಲವೆನ್ನುವುದಿಲ್ಲ. ಬೆಳಗಿನ ಮೊದಲ ವ್ಯಾಪಾರವಂತೂ ಅವಳಿಗೆ ಪೂಜೆ. ಆ ಹೊತ್ತಿಗೆ ಬಂದವರು ಬರಿಗೈಲಿ ಹೋಗಬಾರದು, ಬೇಡ ಅನ್ನಬಾರದು. ಒಂದು ಬೆಂಕಿಪೊಟ್ಟಣವಾದರೂ ಕೊಂಡೇ ಹೋಗಬೇಕು. ಮೊದಲ ನೋಟನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ. ಈಗ ಸ್ಕ್ಯಾನ್ ಮಾಡುವವರೇ ಹೆಚ್ಚು. ದುಡ್ಡು ಬಂತೆಂದು ಸಾರುವ ಆ ಪುಟ್ಟ ಪೆಟ್ಟಿಗೆಯನ್ನೇ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ.

ಸ್ಪ್ಯಾನಿಷ್ ಇರಲಿ, ಕನ್ನಡದಲ್ಲಾದರೂ ಅಮ್ಮ ಎಂದಾದರೂ ಅಂಗಡಿಗೆ ಹೋಗಿ ಏನನ್ನಾದರೂ ಕೊಂಡಿದ್ದಾಳೆಯೇ ಎಂದು ನನಗೆ ಅನುಮಾನ ಬಂತು. ಸಾಮಾನು ಬಾಗಿಲಿಗೇ ಬರುತ್ತದೆ. ತರಕಾರಿಯವರು ಅವಳಿಗೇ ಕೊಟ್ಟು ಹೋಗುತ್ತಾರೆ. ಸೀರೆಯವನೂ ಗಂಟು ಹೊತ್ತು ಅಲ್ಲಿಗೇ ಬರುತ್ತಾನೆ. ಅವಳನ್ನು ಯಾರೂ ಗುರುತಿಸದ ಕಡೆ ಒಮ್ಮೆ ಕರೆದೊಯ್ಯಬೇಕೆಂದು ತರೀಕೆರೆಯ ಬಸ್ಸು ಹತ್ತಿಸಿದೆ. ಅಂದು ತುಂತುರು ಮಳೆ ಇತ್ತೆಂದು ನನ್ನ ನೆನಪು. ನನ್ನ ದಿನಚರಿಯಲ್ಲಿ 'ಅಮ್ಮನ ಜೊತೆ ತರೀಕೆರೆ, ಉರಿಬಿಸಿಲು' ಎಂದಿದೆ. ಬಿಸಿಲೇ ಸರಿ ಇರಬೇಕು, ಯಾಕೆಂದರೆ ಮಾತು ಶುರುವಾದದ್ದೇ ಅದರಿಂದ.

ಓಮ ಕೊಳ್ಳುವುದು ಅವಳ ಕೆಲಸ. ನಾನು ರಸ್ತೆಯ ಆಚೆ ನಿಂತೆ. ಅಮ್ಮ ಅಂಗಡಿಯ ಮುಂದೆ ನಿಂತಳು, ಪಕ್ಕಕ್ಕೆ ಸರಿದಳು, ಮತ್ತೆ ಇನ್ನಷ್ಟು ಪಕ್ಕಕ್ಕೆ. ನೋಡುತ್ತಿದ್ದಂತೆ ಅವಳ ಕೈ ಒಂದು ಚೀಲದ ಬಾಯಿ ಮಡಿಸುತ್ತಿತ್ತು.

"ಮೆಣಸಿನಕಾಯಿ ಬಿಸ್ಲಿಗೆ ಇಟ್ಟಿದೀಯಲ್ಲಪ್ಪಾ, ಬಣ್ಣ ಹೋಗಲ್ವಾ?"

ಅಂಗಡಿಯವನು ತಲೆ ಎತ್ತಿದ. "ಏನಮ್ಮಾ, ತಗಳಕ್ ಬಂದ್ರೋ, ಮಾರಕ್ ಬಂದ್ರೋ?"

ಅಷ್ಟರಲ್ಲಿ ಇನ್ನೊಬ್ಬ ಬಂದು ಸಕ್ಕರೆ ಕೇಳಿದ. ಅಮ್ಮ ಅವನತ್ತ ತಿರುಗಿ, "ಎಷ್ಟು ಕೊಡ್ಲಪ್ಪಾ?" ಎಂದುಬಿಟ್ಟಳು.

"ಹಂಗಾದ್ರೆ ಒಳಗೇ ಬಂದ್ಬಿಡಿ ತಾಯಿ, ನಾನು ಉಂಡ್ಕಂಡು ಬತ್ತೀನಿ!"

ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ಓಮ ಮರೆತುಹೋಯಿತು. ಆದರೆ ಬಸ್ಸಿನಲ್ಲಿ ಕೂತ ಮೇಲೆ, "ನನ್ ಕೈಲಾಗಲ್ಲ ಕಣೇ. ಅವಳಿಗೆ ಹೇಳ್ಬಿಡು, ಬೇರೆ ಯಾರನ್ನಾದ್ರೂ ನೋಡ್ಕಳ್ಳಲಿ" ಎಂದಳು. ಬೇರೆ ಯಾರೂ ಇರಲಿಲ್ಲ. ನಾನು ತಂಗಿಗೆ ಹೇಳಲಿಲ್ಲ.

ಮರುದಿನವೋ, ಅದರ ಮರುದಿನವೋ, ಮಧ್ಯಾಹ್ನ ನಾನು ಬಂದಾಗ ಗಲ್ಲಾ ಖಾಲಿಯಿತ್ತು. ಅಮ್ಮ ಹೊರಗೆ, ಮೆಟ್ಟಿಲ ಮೇಲೆ, ಗಿರಾಕಿಗಳು ನಿಲ್ಲುವ ಜಾಗದಲ್ಲಿ ಕೈಚೀಲ ಹಿಡಿದು ನಿಂತಿದ್ದಳು.

"ಒಳಗೆ ಕೂತ್ಕ ಹೋಗು" ಎಂದಳು.

ಕೂತೆ. ಆ ಸ್ಟೂಲಿನ ಮೇಲೆ ನಾನು ಕೂತದ್ದು ಕಡಿಮೆ. ಬೆಳಕು ಅಮ್ಮನ ಬೆನ್ನ ಹಿಂದಿನಿಂದ ಬರುತ್ತಿದ್ದುದರಿಂದ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಯಾವುದೋ ಊರಿನ ಯಾರೋ ಹೆಂಗಸು ಬಂದು ನಿಂತಂತಿತ್ತು. ಅವಳು ಒಳಗೆಲ್ಲ ಕಣ್ಣಾಡಿಸಿದಳು. ಮೂಟೆ, ಡಬ್ಬ, ತೂಗುಬಿಟ್ಟ ಪೊಟ್ಟಣ, ಎರಡು ಪಟ.

"ನಮ್ಮಂಗಡಿ ಇಷ್ಟು ಕತ್ಲು ಅಂತ ಗೊತ್ತೇ ಇರ್ಲಿಲ್ಲ ಕಣೇ. ಇಲ್ಲಿಂದ ನೋಡಿದ್ರೆ ನೀನೇ ಕಾಣಲ್ಲ. ಪಾಪ, ಜನ ಇಷ್ಟು ವರ್ಷ ನನ್ ದನಿ ನೋಡ್ಕಂಡೇ ಸಾಮಾನು ತಗಂಡವ್ರೆ."

ಆಮೇಲೆ ಗಂಟಲು ಸರಿಮಾಡಿಕೊಂಡು, "ಬ್ವೆನೊಸ್ ದೀಯಾಸ್. ಅಹೊ, ಪೊರ್ ಫಾವೋರ್" ಎಂದಳು. ನಮಸ್ಕಾರ, ದಯವಿಟ್ಟು ಬೆಳ್ಳುಳ್ಳಿ ಕೊಡಿ ಎಂದು. ನಾನು ಬೆಳ್ಳುಳ್ಳಿ ಕೊಟ್ಟೆ. ದೂರದಲ್ಲಿ ಗೂಡ್ಸ್ ರೈಲು ಹೋಗುತ್ತಿತ್ತು. ಅವಳು ಬೆಳ್ಳುಳ್ಳಿಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಆ ಮಧ್ಯಾಹ್ನದಿಂದ ಅವಳು ಮತ್ತೆ ಕೈಲಾಗದು ಎನ್ನಲಿಲ್ಲ.

ಹೋದಳು. ಮಗು ಹುಟ್ಟಿತು. ಒಂದು ದಿನ ಕಾಲೇಜಿನಲ್ಲಿ ಊಟದ ಡಬ್ಬಿ ತೆರೆಯುವಾಗ ತಂಗಿಯ ಫೋನು ಬಂತು. ನಗುವಿನಲ್ಲಿ ಮಾತೇ ಹೊರಡುತ್ತಿರಲಿಲ್ಲ.

"ಅಕ್ಕಾ, ಅಮ್ಮ ಒಬ್ಳೇ ಅಂಗಡಿಗೋಗಿದ್ಲು ಕಣೇ! ಬೆಳ್ಳುಳ್ಳಿ ತತ್ತೀನಿ ಅಂತ ಹೋದೋಳು ಪೊರಕೆ ತಂದವ್ಳೆ!"

ಹಿಂದಿನಿಂದ ಅಮ್ಮನ ದನಿ: "ಬೆಳ್ಳುಳ್ಳೀನೂ ತಂದಿದೀನಲ್ಲೇ! ಅದನ್ಯಾಕೆ ಹೇಳಲ್ಲ?"

ಆದದ್ದು ಇಷ್ಟು. ಅಮ್ಮ ಹೋದಾಗ ಅಂಗಡಿ ಆಗಷ್ಟೇ ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಮಾತು ಬಾರದೆ ಬರಿಗೈಲಿ ಹಿಂತಿರುಗಿದರೆ ಅವರ ಬೋಣಿ ಕೆಡುತ್ತದಲ್ಲ ಎಂದು, ಬೇರೆ ಯಾರಾದರೂ ಮೊದಲು ಕೊಂಡುಕೊಳ್ಳಲಿ ಎಂದು ಚಳಿಯಲ್ಲಿ ಹೊರಗೇ ಕಾದಳು. ಯಾರೂ ಬರಲಿಲ್ಲ. ಕೊನೆಗೆ ಅಂಗಡಿಯಾಕೆಯೇ ಬಾಗಿಲು ತೆರೆದು ಕೈ ಬೀಸಿ ಕರೆದಳು. 'ಕೆ ಲೆ ಪೊಂಗೊ?' ಎಂದಳು. "ನಾನು ಹೇಳ್ತಿದ್ನಲ್ಲ, ಅದೇ ಮಾತು ಕಣೇ! ನಮ್ಮನೇಲಿ ಕೂತಂಗಾಯ್ತು" ಎಂದಳು ಅಮ್ಮ. ಬೆಳ್ಳುಳ್ಳಿ ಕೇಳಿದಳು, ಸಿಕ್ಕಿತು. ಆಕೆ 'ಆಲ್ಗೊ ಮಾಸ್?' ಎಂದಳು. ಬೋಣಿ ಹೊತ್ತಿಗೆ ಇನ್ನೇನೂ ಇಲ್ಲ ಎನ್ನುವುದು ಹೇಗೆ? ಅಮ್ಮ ಈರುಳ್ಳಿ ತೋರಿಸಿದಳು. ಆಕೆ ಮತ್ತೆ ಕೇಳಿದಳು, ನಿಂಬೆಹಣ್ಣು. ಮತ್ತೆ ಕೇಳಿದಳು, ಉಪ್ಪು, ಮೇಣದ ಬತ್ತಿ. ಪಾಪ, ಆಕೆ ಕೇಳುವುದನ್ನು ಬಿಡಲಿಲ್ಲ, ಅಮ್ಮ ಇಲ್ಲವೆನ್ನಲಿಲ್ಲ. ಪೊರಕೆಯವರೆಗೆ ಹೋಯಿತು. ಆಮೇಲೆ ಅಮ್ಮನಿಗೇ ಹೊಳೆಯಿತಂತೆ. ಊಟದ ಎಲೆಯ ಮೇಲೆ ಅಡ್ಡ ಹಿಡಿಯುವಂತೆ ಎರಡೂ ಕೈಯನ್ನು ಚೀಲದ ಮೇಲೆ ಹಿಡಿದು, "ಸಾಕು ತಾಯಿ, ಸಾಕು" ಎಂದಳು. ಆಕೆಗೆ ಅರ್ಥವಾಯಿತು.

"ಕ್ವಾಂತೊ ಎಸ್ ಅಂತ ಕೇಳ್ದೆ. ನೋಟು ಕೊಟ್ಟೆ. ಆಯಮ್ಮ ಕಣ್ಗೂ ಒತ್ಕಳ್ಳದೆ ಹಂಗೇ ಒಳಕ್ಕೆ ಹಾಕಂಡ್ಲು. ಆಮೇಲೆ ನಾನೇ ಮನ್ಸಲ್ಲಿ ಒತ್ಕಂಡೆ."

ಅಂದು ಪೊರಕೆ ಎಂದ ತಂಗಿಯೇ ಈಗ ಅದು ನೆಲ ಒರೆಸುವ ಕೋಲು ಎನ್ನುತ್ತಾಳೆ. ನಾನು ಪೊರಕೆಯನ್ನೇ ಇಟ್ಟುಕೊಂಡಿದ್ದೇನೆ.

ಅಮ್ಮ ಇನ್ನೂ ಅಲ್ಲೇ ಇದ್ದಾಳೆ. ಭಾನುವಾರ ಮಾತ್ರ ನಾನು ನಮ್ಮ ಅಂಗಡಿ ತೆರೆಯುತ್ತೇನೆ. ಬಾಗಿಲು ಹಾಕುವ ಮುಂಚೆ ಒಂದು ಗಳಿಗೆ ಹೊರಗೆ ಮೆಟ್ಟಿಲ ಮೇಲೆ ನಿಂತು ಒಳಗೆ ನೋಡುತ್ತೇನೆ. ಕಣ್ಣು ಕತ್ತಲೆಗೆ ಹೊಂದುವ ಮುನ್ನ ಗಲ್ಲಾದ ಹಿಂದೆ ಯಾರು ಬೇಕಾದರೂ ಇರಬಹುದು ಎನಿಸುತ್ತದೆ. ಕಳೆದ ವಾರ ಹಾಗೆ ನಿಂತಿದ್ದಾಗಲೇ ಅವಳಿಗೆ ಫೋನು ಮಾಡಿ ಕೇಳಿದೆ, "ಅಮ್ಮಾ, ಆ ಅಂಗಡಿ ಬಾಗಿಲಲ್ಲಿ ಗಂಟೆ ಐತಾ?"

"ಗಂಟೆನಾ? ನಾನು ನೋಡ್ಲಿಲ್ಲ ಕಣೇ" ಎಂದಳು. ಹಿಂದೆ ಮಗು ಅಳುತ್ತಿತ್ತು. "ಇರು, ನಾಳೆ ಹೆಂಗೂ ಸಬ್ಬಸಿಗೆ ತರಕ್ಕೆ ಹೋಗ್ತೀನಲ್ಲ, ನೋಡ್ಕಂಡು ಬತ್ತೀನಿ."